ನಾವು ಏನೂ ಬದಲಾಯಿಸಿಲ್ಲ, ಆದರೂ ಸೋರ್ಸ್ ಕೋಡ್ ಕೊಡಬೇಕಾ?

ಓಪನ್ ಸೋರ್ಸ್ ಲೈಸೆನ್ಸ್, ಅಂದರೆ ಸೋರ್ಸ್ ಕೋಡನ್ನು (ಪ್ರೋಗ್ರಾಮರ್ ಬರೆದ ಮೂಲ ಪಠ್ಯವನ್ನು) ಎಲ್ಲರೂ ಬಳಸಲು, ತಿದ್ದಲು ಬಿಡುವ ಅನುಮತಿ, ಅದರ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತದೆ. ಅದರ ಹಿಂದಿನ ತಪ್ಪು ನಂಬಿಕೆಯೂ ಅದೇ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ನಮ್ಮದು ಬೆಂಗಳೂರಿನ ಸಣ್ಣ ಕಂಪನಿ. ಹಾಲಿನ ಡೇರಿಗಳಲ್ಲಿ ತೂಕ, ಫ್ಯಾಟ್ ಲೆಕ್ಕ ಇಡುವ ಯಂತ್ರ ಮಾಡಿ ಮಾರುತ್ತೇವೆ. ಒಳಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, ಅದರ ಸಣ್ಣ ಕಮಾಂಡುಗಳ ಕಟ್ಟು ಬಿಝಿಬಾಕ್ಸ್ ಇವೆ. ಬೋರ್ಡ್ ಮಾರಿದ ಚೀನಾ ಕಂಪನಿ ಕೊಟ್ಟದ್ದನ್ನು ಹಾಗೇ ಹಾಕಿದ್ದೇವೆ. ಈಗ ಗ್ರಾಹಕರೊಬ್ಬರು ಸೋರ್ಸ್ ಕೋಡ್ ಕೇಳುತ್ತಿದ್ದಾರೆ. ಬದಲಾವಣೆ ಮಾಡದಿದ್ದರೆ ಕೊಡಬೇಕಿಲ್ಲ ಅಂತ ನಮ್ಮ ಸಲಹೆಗಾರರು ಹೇಳುತ್ತಾರೆ. ಕೊಡಲು ಹೋದರೆ ನಮ್ಮ ಸ್ವಂತ ಸಾಫ್ಟ್‌ವೇರ್ ಕೂಡ ಬಿಟ್ಟುಕೊಡಬೇಕಾಗುತ್ತಾ?

ಕೊಡಬೇಕು. ನಿಮ್ಮ ಸಲಹೆಗಾರರು ಲೈಸೆನ್ಸ್ ಓದಿಲ್ಲ. ಲಿನಕ್ಸ್ ಕರ್ನೆಲ್ (ಲಿನಕ್ಸಿನ ತಿರುಳು ಭಾಗ) ಮತ್ತು ಬಿಝಿಬಾಕ್ಸ್ ಎರಡೂ ಜಿಪಿಎಲ್ (ಜನರಲ್ ಪಬ್ಲಿಕ್ ಲೈಸೆನ್ಸ್) ಎಂಬ ಓಪನ್ ಸೋರ್ಸ್ ಲೈಸೆನ್ಸಿನ 1991ರ 2ನೇ ಆವೃತ್ತಿಯ ಅಡಿಯಲ್ಲಿವೆ. ಅದರ 3ನೇ ಕಲಂ ನೋಡಿ. ಮೂಲ ಪ್ರೋಗ್ರಾಮ್ ಇರಲಿ, ತಿದ್ದಿದ್ದೇ ಇರಲಿ, ಬೈನರಿ ರೂಪದಲ್ಲಿ (ಯಂತ್ರ ಓಡಿಸುವ, ಕಂಪೈಲ್ ಆದ ರೂಪದಲ್ಲಿ) ಹಂಚಿದರೆ ಸೋರ್ಸ್ ಕೊಡುವ ಹೊಣೆ ಹಂಚಿದವರದ್ದು. ನೀವು ಯಂತ್ರ ಮಾರಿದಿರಿ ಅಂದರೆ ಹಂಚಿದಿರಿ. ಬದಲಾಯಿಸಿದಿರಾ ಇಲ್ಲವಾ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಚೀನಾ ಕಂಪನಿಯ ಮೇಲೆ ಹೊರಿಸಿ ಕೂರುವುದೂ ನಡೆಯದು. 2003ರಲ್ಲಿ ಸಿಸ್ಕೊ ಕಂಪನಿ ರೂಟರ್ ಮಾಡುವ ಲಿಂಕ್‌ಸಿಸ್ ಅನ್ನು ಕೊಂಡಿತು. ಲಿಂಕ್‌ಸಿಸ್ ರೂಟರಿನ ಫರ್ಮ್‌ವೇರ್ (ಒಳಗೇ ಕೂರಿಸಿದ ಸಾಫ್ಟ್‌ವೇರ್) ಹೊರಗಿನ ಪೂರೈಕೆದಾರರಿಂದ ಬಂದಿತ್ತು, ಅದರೊಳಗೆ ಲಿನಕ್ಸ್ ಇತ್ತು. ಸೋರ್ಸ್ ಕೊಡಿ ಎಂದು ಜನ ಕೇಳಿದ್ದು ರೂಟರ್ ಮಾರಿದವರನ್ನು. ಕೋಡ್ ಹೊರಗೆ ಬಂತು, ಅದರಿಂದಲೇ ರೂಟರುಗಳಿಗೆಂದೇ ಇರುವ ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಹುಟ್ಟಿತು. ಇಂದು ಎಷ್ಟೋ ರೂಟರುಗಳು ಅದರ ಮೇಲೆ ಓಡುತ್ತಿವೆ. ಅಷ್ಟಾದರೂ ತಕರಾರು ಮುಗಿಯಲಿಲ್ಲ. 2008ರ ಕೊನೆಗೆ ಜಿಪಿಎಲ್ ಬರೆದ ಸಂಸ್ಥೆಯಾದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಿಸ್ಕೊ ಮೇಲೆ ಕೇಸು ಹಾಕಿತು. ಮರುವರ್ಷ ರಾಜಿಯಾಯಿತು. ಲಿಂಕ್‌ಸಿಸ್ ವಿಭಾಗದಲ್ಲಿ ಲೈಸೆನ್ಸ್ ಪಾಲನೆ ನೋಡಿಕೊಳ್ಳಲು ಒಬ್ಬರನ್ನು ನೇಮಿಸಲು ಸಿಸ್ಕೊ ಒಪ್ಪಬೇಕಾಯಿತು.

ಇನ್ನು ಹೇಗೆ ಕೊಡುವುದು. ದಾರಿ ಮೂರು. ಒಂದು, ಯಂತ್ರದ ಜೊತೆಗೇ ಸೋರ್ಸ್ ಕೊಡುವುದು. ಎರಡು, ಕೇಳಿದರೆ ಕೊಡುತ್ತೇವೆ ಎಂದು ಬರೆದು ಕೊಡುವುದು. ಈ ಮಾತಿಗೆ ಕನಿಷ್ಠ 3 ವರ್ಷ ಬದ್ಧರಾಗಿರಬೇಕು. ನಿಮ್ಮ ಗ್ರಾಹಕರು ಮಾತ್ರ ಅಲ್ಲ, ಯಾರು ಕೇಳಿದರೂ ಕೊಡಬೇಕು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಮೂರನೆಯದು, ನಿಮಗೆ ಬಂದ ಭರವಸೆ ಪತ್ರವನ್ನೇ ಮುಂದಕ್ಕೆ ದಾಟಿಸುವುದು. ಅದು ವ್ಯಾಪಾರವಲ್ಲದ ಹಂಚಿಕೆಗೆ ಮಾತ್ರ, ನಿಮಗಿಲ್ಲ.

ನಾನು ಯಾವಾಗಲೂ ಮೊದಲ ದಾರಿಯನ್ನೇ ಹೇಳುತ್ತೇನೆ. ಪ್ರತಿ ಯಂತ್ರದ ಜೊತೆ ಒಂದು ಪೆನ್‌ಡ್ರೈವ್, ಅದರಲ್ಲಿ ಸೋರ್ಸ್ ಮತ್ತು ಲೈಸೆನ್ಸ್ ಪ್ರತಿ. ಅಲ್ಲಿಗೆ ಹೊಣೆ ತೀರಿತು. ಎರಡು ವರ್ಷ ಆದಮೇಲೆ ಯಾರೋ ಕೇಳಿದಾಗ ಹಳೇ ಸರ್ವರ್ ಹುಡುಕುತ್ತಾ ಕೂರುವ ಪಾಡು ಬೇಡ.

ಕರ್ನೆಲ್ ವೆಬ್‌ಸೈಟಿನ ಲಿಂಕ್ ಕಳಿಸಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಯಂತ್ರದೊಳಗಿರುವ ಅದೇ ಆವೃತ್ತಿ ಬೇಕು. ಬೋರ್ಡಿನವರು ಹಾಕಿದ ಪ್ಯಾಚ್ (ತಿದ್ದುಪಡಿ), ಕಾನ್ಫಿಗ್ ಫೈಲ್, ಕಂಪೈಲ್ ಮತ್ತು ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟ್ ಎಲ್ಲವೂ ಬೇಕು. ಆ ಸೋರ್ಸನ್ನು ಒಂದು ಖಾಲಿ ಕಂಪ್ಯೂಟರಿನಲ್ಲಿ ನೀವೇ ಬಿಲ್ಡ್ ಮಾಡಿ ನೋಡಿ. ಬಿಲ್ಡ್ ಆಗದಿದ್ದರೆ ನಿಮ್ಮ ಬಳಿ ಪೂರ್ತಿ ಸೋರ್ಸ್ ಇಲ್ಲ ಅಂತಲೇ ಅರ್ಥ. ಬೋರ್ಡಿನವರಿಗೆ ಇವತ್ತೇ ಪತ್ರ ಬರೆಯಿರಿ. ಮುಂದಿನ ಪರ್ಚೇಸ್ ಆರ್ಡರಿನಲ್ಲಿ ಸೋರ್ಸ್ ಬರದೆ ದುಡ್ಡಿಲ್ಲ ಅಂತ ಸೇರಿಸಿ.

ನಿಮ್ಮ ಸ್ವಂತ ಸಾಫ್ಟ್‌ವೇರಿನ ಭಯ ಬಿಡಿ. ಲಿನಕ್ಸ್ ಮೇಲೆ ಸಾಮಾನ್ಯ ಸಿಸ್ಟಮ್ ಕಾಲ್ (ಕರ್ನೆಲ್ಲಿಗೆ ಕೆಲಸ ಹೇಳುವ ಕರೆ) ಬಳಸಿ ಓಡುವ ಪ್ರೋಗ್ರಾಮಿಗೆ ಕರ್ನೆಲ್ಲಿನ ಲೈಸೆನ್ಸ್ ತಗಲುವುದಿಲ್ಲ. ಕರ್ನೆಲ್ ಜೊತೆ ಬರುವ ಲೈಸೆನ್ಸ್ ಟಿಪ್ಪಣಿಯಲ್ಲೇ ಇದನ್ನು ಹೇಳಿದೆ. ಆದರೆ ಜಿಪಿಎಲ್ ಲೈಬ್ರರಿಯನ್ನು, ಉದಾಹರಣೆಗೆ ಟೈಪ್ ಮಾಡಿದ ಸಾಲನ್ನು ತಿದ್ದಲು ಬಳಸುವ ರೀಡ್‌ಲೈನ್ ಅನ್ನು, ನಿಮ್ಮ ಪ್ರೋಗ್ರಾಮಿಗೆ ಲಿಂಕ್ ಮಾಡಿದ್ದರೆ ಮಾತು ಬೇರೆ. ಮೊದಲು ಅಂಥ ಲೈಬ್ರರಿಗಳ ಪಟ್ಟಿ ಮಾಡಿ. ತೂಕದ ಸೆನ್ಸರಿಗೆ ನೀವೇ ಕರ್ನೆಲ್ ಡ್ರೈವರ್ ಬರೆದಿದ್ದರೆ, ಅದರ ಬಗ್ಗೆ ವಕೀಲರಲ್ಲೇ ಒಮ್ಮತವಿಲ್ಲ. ನಾನಾದರೆ ಆ ಡ್ರೈವರನ್ನೂ ಜಿಪಿಎಲ್ ಅಡಿಯಲ್ಲೇ ಕೊಟ್ಟುಬಿಡುತ್ತೇನೆ.

ಸುಮ್ನೆ ಇದ್ದರೆ ಏನಾಗುತ್ತದೆ ಅಂತಲೂ ನೀವು ಯೋಚಿಸಿರಬಹುದು. ಜಿಪಿಎಲ್ 2ರ ಷರತ್ತು ಮುರಿದರೆ ನಿಮ್ಮ ಹಕ್ಕು ತಾನಾಗಿ ರದ್ದಾಗುತ್ತದೆ. ಆಮೇಲೆ ಮಾರುವ ಪ್ರತಿ ಯಂತ್ರವೂ ಕಾಪಿರೈಟ್ ಉಲ್ಲಂಘನೆ. ಅಮೆರಿಕದಲ್ಲಿ 2010ರಲ್ಲಿ ಬಿಝಿಬಾಕ್ಸ್ ವಿಷಯಕ್ಕೇ ಒಂದು ಟಿವಿ ಕಂಪನಿಗೆ ಕೋರ್ಟು 90,000 ಡಾಲರ್ ಪರಿಹಾರ ಹಾಕಿತು, ಉಳಿದ ಟಿವಿಗಳನ್ನೂ ಒಪ್ಪಿಸಲು ಹೇಳಿತು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲೂ ಕಂಪ್ಯೂಟರ್ ಪ್ರೋಗ್ರಾಮಿಗೆ ಸಾಹಿತ್ಯ ಕೃತಿಯ ರಕ್ಷಣೆಯೇ ಇದೆ. ಆ ಗ್ರಾಹಕರಿಗೆ ಉತ್ತರ ಬರೆಯಿರಿ. ಇಷ್ಟು ದಿನ ಬೇಕು ಅಂತ ಒಂದು ತಾರೀಖು ಹೇಳಿ, ಆ ತಾರೀಖಿಗೆ ಕೊಡಿ. ಕೇಳಿದವರನ್ನು ಸತಾಯಿಸಿದಾಗಲೇ ವಿಷಯ ಕೋರ್ಟಿಗೆ ಹೋಗುವುದು.

ಪ್ರಶ್ನೆ: ಕೋಡ್ ಹಂಚುವ ಗಿಟ್‌ಹಬ್ ತಾಣದಲ್ಲಿ ಒಂದು ಕೋಡ್ ಸಿಕ್ಕಿತು, ಲೈಸೆನ್ಸ್ ಫೈಲೇ ಇಲ್ಲ. ಫ್ರೀ ಅಂತ ತಾನೇ?

ಅಲ್ಲ. ಲೈಸೆನ್ಸ್ ಇಲ್ಲ ಅಂದರೆ ಎಲ್ಲ ಹಕ್ಕೂ ಬರೆದವರದ್ದೇ. ಅವರಿಗೆ ಬರೆದು ಕೇಳಿ, ಉತ್ತರ ಬರದಿದ್ದರೆ ಬಿಡಿ.

ಪ್ರಶ್ನೆ: ಎಂಐಟಿ ಎಂಬ ಓಪನ್ ಸೋರ್ಸ್ ಲೈಸೆನ್ಸಿಗೆ ಯಾವ ಷರತ್ತೂ ಇಲ್ಲ, ಅಲ್ವಾ?

ಇದೆ. ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ನಿಮ್ಮ ಆ್ಯಪಿನ ಜೊತೆ ಹೋಗಬೇಕು. ಅಷ್ಟೂ ಮಾಡದವರೇ ಜಾಸ್ತಿ.

ಪ್ರಶ್ನೆ: ಜಿಪಿಎಲ್ ಸಾಫ್ಟ್‌ವೇರನ್ನು ದುಡ್ಡಿಗೆ ಮಾರಬಹುದಾ?

ಮಾರಬಹುದು.

ಪ್ರಶ್ನೆ: ನಮ್ಮದು ಸರ್ವರಿನಲ್ಲಿ ಮಾತ್ರ ಓಡುತ್ತದೆ, ಯಾರಿಗೂ ಕೊಡುವುದಿಲ್ಲ. ಹಾಗಾದರೆ ಸೋರ್ಸ್ ಕೊಡದಿದ್ದರೂ ಸರಿಯಾ?

ಜಿಪಿಎಲ್ ಆದರೆ ಸರಿ. ಎಜಿಪಿಎಲ್ (ಸರ್ವರ್ ಸಾಫ್ಟ್‌ವೇರಿಗಾಗಿ ಮಾಡಿದ ಜಿಪಿಎಲ್ ರೂಪ) ಆದರೆ ಅಲ್ಲ. ಅದನ್ನು ತಿದ್ದಿ ನೆಟ್‌ವರ್ಕ್ ಮೂಲಕ ಜನರಿಗೆ ಬಳಸಲು ಬಿಟ್ಟರೆ ತಿದ್ದಿದ ಸೋರ್ಸ್ ಅವರಿಗೆ ಸಿಗಬೇಕು.

ಪ್ರಶ್ನೆ: ವೇರಿಯಬಲ್ ಹೆಸರು ಬದಲಿಸಿ, ಕೋಡ್ ಹಿಂದೆಮುಂದೆ ಮಾಡಿ "ಲೈಸೆನ್ಸ್ ಕ್ಲೀನ್" ಮಾಡಿಕೊಡುತ್ತೇವೆ ಅಂತ ಒಬ್ಬರು ಬಂದಿದ್ದಾರೆ. ಎಐ ಬಳಸಿ ಮಾಡುತ್ತಾರಂತೆ. ನಂಬಬಹುದಾ?

ನಂಬಬೇಡಿ, ಒಂದು ರೂಪಾಯಿಯನ್ನೂ ಕೊಡಬೇಡಿ. ಬೇರೆಯವರ ಕೋಡನ್ನು ಎದುರಿಗಿಟ್ಟುಕೊಂಡು ಹೆಸರು ಬದಲಿಸಿದ್ದು ಆ ಕೋಡಿನ ರೂಪಾಂತರವೇ. ಮೂಲ ಲೈಸೆನ್ಸ್ ಅದರ ಜೊತೆಗೇ ಬರುತ್ತದೆ. ಅದಕ್ಕಿಂತ ಕೆಟ್ಟದ್ದು, ಮರೆಮಾಚಲು ದುಡ್ಡು ಕೊಟ್ಟದ್ದಕ್ಕೆ ನೀವೇ ರಸೀದಿ ಇಟ್ಟುಕೊಂಡಿರುತ್ತೀರಿ. ನಾಳೆ ಕೋರ್ಟಿನಲ್ಲಿ ಗೊತ್ತಿಲ್ಲದೆ ಆಯಿತು ಅನ್ನುವ ಹಾಗೂ ಇಲ್ಲ. ಜಿಪಿಎಲ್ ನಿಮಗೆ ಒಗ್ಗದಿದ್ದರೆ ಅದೇ ಕೆಲಸ ಮಾಡುವ ಎಂಐಟಿ ಅಥವಾ ಅಪಾಚೆ ಲೈಸೆನ್ಸಿನ ಲೈಬ್ರರಿ ಹುಡುಕಿ. ಸಿಗದಿದ್ದರೆ ಬರೆದವರನ್ನೇ ಕೇಳಿ. ದುಡ್ಡಿಗೆ ಬೇರೆ ಲೈಸೆನ್ಸ್ ಕೊಡುವವರೂ ಇದ್ದಾರೆ, ಮೈಎಸ್‌ಕ್ಯುಎಲ್ ಡೇಟಾಬೇಸ್ ಹಾಗೆ ಸಿಗುತ್ತದೆ.