ಮದುವೆ ಕ್ಯಾಸೆಟ್: ಬಾಯಿ ಮೊದಲು, ಮಂತ್ರ ಆಮೇಲೆ

ಪ್ರಶ್ನೆ: ನಮ್ಮ ಮದುವೆ 1994ರಲ್ಲಿ ಆಯಿತು. ಮೂರು ಗಂಟೆಯ ವಿಎಚ್‌ಎಸ್ ಕ್ಯಾಸೆಟ್ ಇದೆ. ಪರಿಚಯದವರ ವಿಸಿಆರ್ ತಂದು, ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ ಹಾಕಿ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿದೆ. ಶುರುವಿನಲ್ಲಿ ಸರಿ ಇರುತ್ತದೆ. ಧಾರೆಯ ಹೊತ್ತಿಗೆ ಪುರೋಹಿತರ ಬಾಯಿ ಮೊದಲು ಆಡುತ್ತದೆ, ಮಂತ್ರ ಆಮೇಲೆ ಕೇಳುತ್ತದೆ. ಚಿತ್ರದ ತಳದಲ್ಲಿ ಒಂದು ಪಟ್ಟಿ ಬೇರೆ ಕುಣಿಯುತ್ತದೆ. ಹೊಸ ಲ್ಯಾಪ್‌ಟಾಪ್ ತಗೋಬೇಕಾ?
– ಶಿರಸಿಯ ಓದುಗರು

ಉತ್ತರ: ಬೇಡ. ಈ ಕೆಲಸಕ್ಕೆ ಹತ್ತು ವರ್ಷ ಹಳೆಯ ಲ್ಯಾಪ್‌ಟಾಪೂ ಸಾಕು. ದುಡ್ಡು ಹಾಕುವುದಿದ್ದರೆ ವಿಸಿಆರ್ ಕಡೆಗೆ ಹಾಕಿ.

ಮೊದಲು ಆ ಪಟ್ಟಿಯ ವಿಷಯ. ವಿಸಿಆರ್‌ನ ತಿರುಗುವ ಡ್ರಮ್ಮಿನಲ್ಲಿ ಟೇಪ್ ಓದುವ ಕನಿಷ್ಠ ಎರಡು ಹೆಡ್ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಬದಲಾಗುವ ಗೆರೆ ಚಿತ್ರದ ತಳದಲ್ಲಿ ಬೀಳುತ್ತದೆ. ಅದು ಆಗಲೂ ಇತ್ತು. ಹಳೆಯ ಡಬ್ಬಾ ಟಿವಿಗಳು ಚಿತ್ರದ ಅಂಚನ್ನು ಮುಚ್ಚಿಬಿಡುತ್ತಿದ್ದವು, ಹಾಗಾಗಿ ನಮಗೆ ಕಾಣುತ್ತಿರಲಿಲ್ಲ, ಅಷ್ಟೇ. ಕೊನೆಯಲ್ಲಿ ಎಡಿಟ್ ಮಾಡುವಾಗ ಅದರ ಮೇಲೆ ಕಪ್ಪು ಪಟ್ಟಿ ಹಾಕಿದರೆ ಮುಗಿಯಿತು.

ಬಾಯಿ-ಮಂತ್ರದ ಜಗಳ ಮಾತ್ರ ನಿಜವಾದ ತೊಂದರೆ. ನಮ್ಮ ದೇಶದ ಟಿವಿ-ವಿಡಿಯೋದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರ. ಟೇಪ್ ಹಳೆಯದಾದಂತೆ ಸ್ವಲ್ಪ ಹಿಗ್ಗುತ್ತದೆ, ಸುಕ್ಕಾಗುತ್ತದೆ. ವಿಸಿಆರ್ ಕೂಡ ಒಂದೇ ವೇಗದಲ್ಲಿ ಎಳೆಯುವುದಿಲ್ಲ. ಟಿವಿ ಇದನ್ನೆಲ್ಲ ಸಹಿಸಿಕೊಳ್ಳುತ್ತದೆ. ಕ್ಯಾಪ್ಚರ್ ಸ್ಟಿಕ್ ಸಹಿಸುವುದಿಲ್ಲ, ಹಿಡಿತ ತಪ್ಪಿದಾಗ ಫ್ರೇಮನ್ನೇ ಬಿಟ್ಟುಬಿಡುತ್ತದೆ. ಧ್ವನಿ ಮಾತ್ರ ತನ್ನ ಪಾಡಿಗೆ ಪೂರ್ತಿ ರೆಕಾರ್ಡ್ ಆಗುತ್ತಿರುತ್ತದೆ. ಹೀಗೆ 25 ಫ್ರೇಮ್ ಹೋದರೆ ಚಿತ್ರ ಒಂದು ಸೆಕೆಂಡ್ ಮುಂದೆ ಓಡಿರುತ್ತದೆ. ನಾಂದಿಯಿಂದ ಧಾರೆಯವರೆಗೆ ಅಲ್ಲೊಂದು ಇಲ್ಲೊಂದು ಬಿದ್ದುಹೋದದ್ದೆಲ್ಲ ಸೇರಿ ಪುರೋಹಿತರ ಬಾಯಲ್ಲಿ ಕಾಣುತ್ತಿದೆ.

ಖಚಿತ ಮಾಡಿಕೊಳ್ಳಲು ವರ್ಚುವಲ್‌ಡಬ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಕ್ಯಾಪ್ಚರ್ ಮಾಡಿ ನೋಡಿ. ಹಳೇ ಕಾಲದ್ದು, ಮುಖ ಚೆನ್ನಾಗಿಲ್ಲ, ಆದರೆ ಎಷ್ಟು ಫ್ರೇಮ್ ಬಿದ್ದುಹೋಯಿತು ಎಂದು ರೆಕಾರ್ಡ್ ಆಗುತ್ತಿರುವಾಗಲೇ ಲೆಕ್ಕ ತೋರಿಸುತ್ತದೆ. ಚಿತ್ರ ಅಲುಗಿದಾಗಲೆಲ್ಲ ಆ ಸಂಖ್ಯೆ ಏರುತ್ತಿದೆಯಾ? ಹಾಗಿದ್ದರೆ ದೋಷ ಟೇಪಿನಿಂದ ಬರುವ ಸಿಗ್ನಲ್‌ನಲ್ಲಿದೆ. ಚಿತ್ರ ಗಟ್ಟಿಯಾಗಿ ನಿಂತಿರುವಾಗಲೂ ಏರುತ್ತಿದ್ದರೆ ಕಂಪ್ಯೂಟರ್ ಕಡೆ ನೋಡಿ. ಯುಎಸ್‌ಬಿ ಹಬ್ ತೆಗೆದು ಸ್ಟಿಕ್ಕನ್ನು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿ, ಬೇರೆ ಪ್ರೋಗ್ರಾಂ ಎಲ್ಲ ಮುಚ್ಚಿ. ಆಡಿಯೊ ವೈರನ್ನೂ ಅದೇ ಸ್ಟಿಕ್‌ಗೆ ಕೊಡಿ. ಚಿತ್ರ ಸ್ಟಿಕ್‌ನಿಂದ, ಧ್ವನಿ ಲ್ಯಾಪ್‌ಟಾಪಿನ ಮೈಕ್ ತೂತಿನಿಂದ ಎಂದಾದರೆ ಎರಡರ ಗಡಿಯಾರ ಬೇರೆ ಬೇರೆ ಆಗುತ್ತದೆ.

ದೋಷ ಸಿಗ್ನಲ್‌ನದ್ದಾದರೆ ಮದ್ದು ಟೈಮ್ ಬೇಸ್ ಕರೆಕ್ಟರ್, ಅಂದರೆ ಟಿಬಿಸಿ. ಚಿತ್ರ ಕಟ್ಟುವ ಅಡ್ಡ ಗೆರೆಗಳು ಅಲುಗಾಡುತ್ತಿದ್ದರೆ ಅವನ್ನು ಹಿಡಿದು ಸಮಯಕ್ಕೆ ಸರಿಯಾಗಿ ಹೊರಗೆ ಬಿಡುವ ಸಾಧನ ಇದು. ಸ್ಟುಡಿಯೋದ ಟಿಬಿಸಿ ದುಬಾರಿ, ಸಿಗುವುದೂ ಕಷ್ಟ. ಬಡವರ ದಾರಿ ಒಂದಿದೆ: ಹಳೆಯ ಡಿವಿಡಿ ರೆಕಾರ್ಡರ್. ಪ್ಲೇಯರ್ ಅಲ್ಲ, ರೆಕಾರ್ಡರ್. ವಿಸಿಆರ್ ವೈರನ್ನು ಅದರ ಇನ್‌ಪುಟ್‌ಗೆ, ಅದರ ಔಟ್‌ಪುಟ್ಟನ್ನು ಸ್ಟಿಕ್‌ಗೆ ಕೊಟ್ಟರೆ ಚಿತ್ರ ನಡುವೆ ನೆಟ್ಟಗಾಗಿ ಬರುತ್ತದೆ. ಪ್ಯಾನಸಾನಿಕ್‌ನ ಇಎಸ್10, ಇಎಸ್15 ಮಾಡೆಲ್‌ಗಳು ಇದಕ್ಕೇ ಹೆಸರುವಾಸಿ. ಎಲ್ಲ ಕಂಪನಿಯ ರೆಕಾರ್ಡರ್‌ಗಳೂ ಹೀಗೆ ಮಾಡುವುದಿಲ್ಲ, ಹಾಗಾಗಿ ಕೊಳ್ಳುವ ಮೊದಲು ಒಂದು ಟೇಪ್ ಹಾಕಿ ನೋಡಿ.

ಇದೆಲ್ಲಕ್ಕೂ ಮೊದಲು ಹೆಡ್ ಕ್ಲೀನ್ ಆಗಬೇಕು. ಹೊಸ ನೋಟನ್ನು ಮಡಚಿ ಹೆಡ್ ಉಜ್ಜುವವರಿದ್ದರು, ಆ ಕೆಲಸ ಮಾಡಬೇಡಿ. ಕಿವಿಗೆ ಹಾಕುವ ಹತ್ತಿಕಡ್ಡಿಯೂ ಬೇಡ, ಎಳೆ ಸಿಕ್ಕಿಕೊಂಡು ಹೆಡ್ ಮುರಿಯಬಹುದು. ವಿಸಿಆರ್‌ನ ಪ್ಲಗ್ ಕಿತ್ತು, ಎಳೆ ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಡ್ರಮ್ಮಿಗೆ ಒತ್ತಿ ಹಿಡಿಯಿರಿ. ಬಟ್ಟೆ ಅಲುಗಬಾರದು, ಡ್ರಮ್ಮನ್ನು ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಹೋಯಿತು ಅಂತಲೇ ಲೆಕ್ಕ. ಕೊನೆಗೆ ಉಳಿದಿದ್ದ ಫುನಾಯ್ ಕಂಪನಿಯೂ 2016ರಲ್ಲಿ ವಿಸಿಆರ್ ತಯಾರಿ ನಿಲ್ಲಿಸಿದ ಮೇಲೆ ಹೊಸ ಮಷೀನು ಬರುತ್ತಿಲ್ಲ.

ನೀವು ಶಿರಸಿಯವರು, ಮಳೆಗಾಲದ ಥಂಡಿ ನಿಮಗೆ ಹೇಳಿಕೊಡಬೇಕಾಗಿಲ್ಲ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು, ಪ್ಲೇ ಮಾಡಲೇಬೇಡಿ. ಒಂದು ಕ್ಯಾಸೆಟ್ಟಿನಿಂದ ವಿಸಿಆರ್‌ಗೆ, ಅಲ್ಲಿಂದ ಉಳಿದೆಲ್ಲ ಕ್ಯಾಸೆಟ್ಟಿಗೂ ಹರಡುತ್ತದೆ. ಅದನ್ನು ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಟೇಪ್ ಕ್ಲೀನ್ ಮಾಡಿ ಗೊತ್ತಿರುವವರಿಗೇ ಕೊಡಿ. ಬೂಷ್ಟಿಲ್ಲದಿದ್ದರೆ ಒಮ್ಮೆ ಪೂರ್ತಿ ಮುಂದೆ ಓಡಿಸಿ ಹಿಂದೆ ಸುತ್ತಿ, ಆಮೇಲೆ ರೆಕಾರ್ಡಿಗೆ ಕೂರಿ. ಬೆನ್ನಿನ ಪ್ಲಾಸ್ಟಿಕ್ ಚಿಪ್ಪು ಇನ್ನೂ ಇದ್ದರೆ ಮುರಿದುಬಿಡಿ, ಅಪ್ಪಿತಪ್ಪಿ ಮದುವೆಯ ಮೇಲೆ ಬೇರೇನೋ ರೆಕಾರ್ಡ್ ಆಗುವುದು ತಪ್ಪುತ್ತದೆ.

ಕ್ಯಾಪ್ಚರ್ ಸೆಟ್ಟಿಂಗ್ ವಿಷಯ: ಚಿತ್ರದ ಅಳತೆ 720×576, ಸೆಕೆಂಡಿಗೆ 25 ಫ್ರೇಮ್, ಹಫ್‌ವೈಯುವಿ ಕೊಡೆಕ್ (ಗುಣಮಟ್ಟ ಕಳೆಯದೆ ವಿಡಿಯೋ ಕುಗ್ಗಿಸುವ ವಿಧಾನ). ಗಂಟೆಗೆ 30–40 ಜಿಬಿ ತಿನ್ನುತ್ತದೆ, ಜಾಗ ಇಟ್ಟುಕೊಳ್ಳಿ. 1080 ಎಂದು ಎಳೆದು ದೊಡ್ಡದು ಮಾಡಿದರೆ ಟೇಪಿನಲ್ಲಿ ಇಲ್ಲದ್ದು ಬರುವುದಿಲ್ಲ. ಅಕ್ಷತೆ ಎಸೆಯುವ ಕೈಗಳ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿ ಕಾಣಿಸಿದರೆ ಗಾಬರಿ ಬೇಡ. ಒಂದೊಂದು ಫ್ರೇಮೂ ಬೇರೆ ಬೇರೆ ಕ್ಷಣದ ಎರಡು ಅರ್ಧಗಳಿಂದ ಆಗಿದೆ. ಮೂಲ ಫೈಲನ್ನು ಹಾಗೇ ಇಟ್ಟು, ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಆ ಅರ್ಧಗಳನ್ನು ಬಿಡಿಸುವ ಡಿಇಂಟರ್‌ಲೇಸ್ ಅಡಿ ‘ಬಾಬ್’ ಆರಿಸಿ ಸೆಕೆಂಡಿಗೆ 50 ಫ್ರೇಮಿನ ಎಂಪಿ4 ಮಾಡಿಕೊಳ್ಳಿ. ಆಕಾರ 4:3 ಇರಲಿ. ಅಗಲ ಟಿವಿಗೆ ಹಿಗ್ಗಿಸಿದರೆ ಮದುಮಕ್ಕಳಿಬ್ಬರೂ ದಪ್ಪಗಾಗುತ್ತಾರೆ!

ಇನ್ನೊಂದು ಮಾತು. ಆ ಕಾಲದ ವಿಡಿಯೋದವರು ಆರತಕ್ಷತೆಗೆಲ್ಲ ಸಿನಿಮಾ ಹಾಡು ಹಾಕುತ್ತಿದ್ದರು, ಅಲ್ವಾ? ಯೂಟ್ಯೂಬಿಗೆ ಏರಿಸಿದರೆ ಹಾಡಿನ ಹಕ್ಕಿನ ನೋಟಿಸ್ ಬರಬಹುದು. ನೆಂಟರಿಗೆ ಪೆನ್‌ಡ್ರೈವ್‌ನಲ್ಲೇ ಕೊಡಿ.

ಪ್ರಶ್ನೆ: ಅಮೆರಿಕದಲ್ಲಿದ್ದ ಚಿಕ್ಕಪ್ಪ 90ರ ದಶಕದಲ್ಲಿ ಕಳಿಸಿದ ಕ್ಯಾಸೆಟ್ ನಮ್ಮ ವಿಸಿಆರ್‌ನಲ್ಲಿ ಕಪ್ಪು-ಬಿಳುಪಾಗಿ ಉರುಳುತ್ತದೆ. ಹಾಳಾಗಿದೆಯಾ?
– ಮೈಸೂರಿನ ಓದುಗರು

ಉತ್ತರ: ಬಹುತೇಕ ಚೆನ್ನಾಗಿಯೇ ಇರುತ್ತದೆ. ಅಲ್ಲಿಯದು ಎನ್‌ಟಿಎಸ್‌ಸಿ ಎಂಬ ಬೇರೆ ವಿಡಿಯೋ ಪದ್ಧತಿ: 525 ಗೆರೆ, ಸೆಕೆಂಡಿಗೆ ಸುಮಾರು 30 ಫ್ರೇಮ್. ನಮ್ಮದು 625 ಗೆರೆಯ ಪಾಲ್. ಎರಡೂ ಪದ್ಧತಿ ಓದುವ ಮಲ್ಟಿಸಿಸ್ಟಂ ವಿಸಿಆರ್ ಹುಡುಕಿ, ಕ್ಯಾಪ್ಚರ್ ಸಾಫ್ಟ್‌ವೇರ್‌ನಲ್ಲೂ ಎನ್‌ಟಿಎಸ್‌ಸಿ ಎಂದೇ ಆರಿಸಿ. ಚಿಕ್ಕಪ್ಪ ಇನ್ನೂ ಅಲ್ಲೇ ಇದ್ದರೆ ಅವರಿಂದಲೇ ಮಾಡಿಸುವುದು ಸುಲಭ.

ಪ್ರಶ್ನೆ: ಅಂಗಡಿಯವರು ಮೂರು ಗಂಟೆಯ ಕ್ಯಾಸೆಟ್ಟನ್ನು 300 ಎಂಬಿಯ ಎಂಪಿ4 ಮಾಡಿ ಕೊಟ್ಟಿದ್ದಾರೆ. ಇನ್ನು ಕ್ಯಾಸೆಟ್ ಬಿಸಾಡಬಹುದಾ?
– ದಾವಣಗೆರೆಯ ಓದುಗರು

ಉತ್ತರ: ಖಂಡಿತ ಬೇಡ. ಅಷ್ಟು ಹಿಂಡಿದರೆ ಮುಖಗಳೆಲ್ಲ ಚೌಕ ಚೌಕವಾಗಿರುತ್ತವೆ. ವಿಎಚ್‌ಎಸ್‌ಗೆ ಗಂಟೆಗೆ 2–3 ಜಿಬಿಯ ಎಂಪಿ4 ಆದರೂ ಇರಲಿ. ಅಂಗಡಿಯವರು ಹಿಂಡುವ ಮುಂಚಿನ ದೊಡ್ಡ ಫೈಲ್ ಇಟ್ಟುಕೊಂಡಿರಬಹುದು, ಅಳಿಸುವ ಮುಂಚೆ ಹಾರ್ಡ್‌ಡಿಸ್ಕ್ ತಗೊಂಡು ಹೋಗಿ ಕೇಳಿ.