ಗಂಡನಿಗೆ ಹೇಳಬೇಡ ಅನ್ನುವ ಪ್ರಾರ್ಥನೆ

ಪ್ರಶ್ನೆ: ನನಗೆ 38 ವರ್ಷ. ಮದುವೆಯಾಗಿ 13 ವರ್ಷ, ಇಬ್ಬರು ಮಕ್ಕಳು. ಚಿಕ್ಕಂದಿನಿಂದ ಕ್ರೈಸ್ತ ಸಭೆಯಲ್ಲೇ ಬೆಳೆದವಳು. ಒಂದು ವರ್ಷದಿಂದ ನಮ್ಮ ಪ್ರಾರ್ಥನಾ ಗುಂಪಿನ ಒಬ್ಬ ಬ್ರದರ್ ಜೊತೆ ದಿನಾ ಬೆಳಗ್ಗೆ 5 ಗಂಟೆಗೆ ಫೋನಿನಲ್ಲಿ ಪ್ರಾರ್ಥನೆ ಮಾಡುತ್ತೇನೆ. ಅವರಿಗೂ ಸಂಸಾರ ಇದೆ. ಮೊದಲು ಹತ್ತು ನಿಮಿಷ ಇತ್ತು, ಈಗ ಒಂದು ಗಂಟೆ ದಾಟುತ್ತದೆ. ನನ್ನ ಗಂಡ ಒಳ್ಳೆಯವರು, ಆದರೆ ನನ್ನ ಮನಸ್ಸಲ್ಲಿ ಏನಿದೆ ಅಂತ ಯಾವತ್ತೂ ಕೇಳುವುದಿಲ್ಲ. ಬ್ರದರ್ ಕೇಳುತ್ತಾರೆ. ‘ನಮ್ಮಿಬ್ಬರ ಆತ್ಮವನ್ನು ದೇವರೇ ಜೋಡಿಸಿದ್ದಾನೆ, ಇದನ್ನು ನಿಮ್ಮ ಯಜಮಾನರಿಗೆ ಹೇಳಬೇಡಿ, ಅವರಿಗೆ ಆತ್ಮಿಕ ವಿಷಯ ಅರ್ಥವಾಗುವುದಿಲ್ಲ’ ಅಂತಾರೆ. ನಾನು ಬೈಬಲ್ ತೆರೆದಾಗ ‘ಇಗೋ, ಹೊಸ ಕಾರ್ಯವನ್ನು ಮಾಡುವೆನು’ ಅನ್ನುವ ವಚನ ಬಂತು. ಗುಂಪಿನ ಇನ್ನೊಬ್ಬ ಸಹೋದರಿ ನನ್ನ ಮೇಲೆ ಕೈಯಿಟ್ಟು ‘ಹೊಸ ಬಾಗಿಲು ತೆರೆಯುತ್ತಿದೆ’ ಅಂತ ಪ್ರವಾದಿಸಿದರು. ಮುಂದಿನ ತಿಂಗಳ ಉಪವಾಸ ಕೂಟಕ್ಕೆ ಎರಡು ದಿನ ಮೊದಲೇ ಬರಲು ಬ್ರದರ್ ಕರೆಯುತ್ತಿದ್ದಾರೆ. ನನಗೆ ಒಳಗೆ ಸಮಾಧಾನ ಇದೆ. ಆದರೆ ಮೊನ್ನೆ ಗಂಡ ರೂಮಿಗೆ ಬಂದಾಗ ಮೊಬೈಲನ್ನು ಮಗುಚಿ ಇಟ್ಟೆ. ಇದು ದೇವರ ನಡೆಸುವಿಕೆಯೋ, ಪಾಪಕ್ಕೆ ಸೆಳೆಯುವ ಶೋಧನೆಯೋ? — ಹೆಸರು ಬೇಡ

ಉತ್ತರ: ಪ್ರಿಯ ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಕಣ್ಣು ನಿಂತಿದ್ದು ಆ ಮೊಬೈಲಿನ ಮೇಲೆ. ಕೈ ತಾನಾಗಿ ಅದನ್ನು ಮಗುಚಿತು. ತಲೆ ಇನ್ನೂ ‘ಇದು ದೇವರದ್ದು’ ಅಂತ ವಾದ ಮಾಡುತ್ತಿರುವಾಗಲೇ ಕೈಗೆ ನಿಜ ಗೊತ್ತಾಗಿತ್ತು. ನೀವು ಆ ಸಾಲನ್ನು ಬರೆಯದೇ ಬಿಡಬಹುದಿತ್ತು. ಬಿಡಲಿಲ್ಲ. ಅದಕ್ಕೇ ನಿಮ್ಮ ಬಗ್ಗೆ ನನಗೆ ಧೈರ್ಯ ಇದೆ.

ಕೇಳಿದ್ದಕ್ಕೆ ನೇರವಾಗಿ ಹೇಳಿಬಿಡುತ್ತೇನೆ. ಇದು ಶೋಧನೆ. ಪ್ರಾರ್ಥನೆಯ ಬಟ್ಟೆ ಹಾಕಿಕೊಂಡು ಬಂದಿದೆ, ಅದಕ್ಕೇ ಗುರುತು ಸಿಗಲಿಲ್ಲ. ಸೈತಾನನೇ ಪ್ರಕಾಶದ ದೂತನ ವೇಷ ಹಾಕುತ್ತಾನೆ ಅಂತ ಪೌಲನು ಕೊರಿಂಥದವರಿಗೆ ಬರೆದಿದ್ದು ಸುಮ್ನೆ ಅಲ್ಲ. ನಿಮ್ಮಂಥವರಿಗೆ ಕುಡಿತ, ಜೂಜು ತೋರಿಸಿದರೆ ತಿರುಗಿಯೂ ನೋಡುವುದಿಲ್ಲ. ದೇವರ ಮೇಲೆ ಪ್ರೀತಿ ಇರುವವರಿಗೆ ದೇವರ ಹೆಸರಿನಲ್ಲೇ ಬರಬೇಕು.

ಹಾಗಂತ ಆ ಬ್ರದರ್ ಬೇಕಂತಲೇ ಬಲೆ ಹಾಕಿದ ಮನುಷ್ಯ ಅಂತ ನಾನು ಹೇಳುತ್ತಿಲ್ಲ. ಅವರೂ ಮೋಸ ಹೋಗಿರಬಹುದು. ಅವರ ಮನಸ್ಸು ಅಳೆಯುವುದು ನನ್ನ ಕೆಲಸ ಅಲ್ಲ. ಆದರೆ ‘ಯಜಮಾನರಿಗೆ ಹೇಳಬೇಡಿ’ ಅಂದರಲ್ಲ, ಆ ಮಾತನ್ನು ಮಾತ್ರ ಅಳೆಯಲೇಬೇಕು.

ಇಗ್ನೇಷಿಯಸ್ ಲೊಯೋಲಾ ಎಂಬ ಸ್ಪೇನಿನ ಸೈನಿಕ 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದು ಹಾಸಿಗೆ ಹಿಡಿದ. ಅಲ್ಲೇ ಮಲಗಿ, ತನ್ನ ಮನಸ್ಸಿಗೆ ಬರುವ ಯೋಚನೆಗಳಲ್ಲಿ ಯಾವುದು ಎಲ್ಲಿಂದ ಬರುತ್ತದೆ ಅಂತ ಗಮನಿಸಲು ಶುರು ಮಾಡಿದ. ಮುಂದೆ ಅವನು ಬರೆದ ಧ್ಯಾನದ ಕೈಪಿಡಿ 1548ರಲ್ಲಿ ಅಚ್ಚಾಯಿತು. ನೀವು ಕಥೋಲಿಕರಲ್ಲದಿರಬಹುದು, ಆದರೂ ಅದರಲ್ಲಿರುವ ಒಂದು ಮಾತು ಕೇಳಿ. ವೈರಿಯಾದ ಸೈತಾನ ಕಳ್ಳ ಪ್ರೇಮಿಯ ಹಾಗೆ ನಡೆದುಕೊಳ್ಳುತ್ತಾನೆ ಅಂತಾನೆ ಅವನು. ಒಳ್ಳೆಯ ತಂದೆಯ ಮಗಳನ್ನೋ ಒಳ್ಳೆಯ ಗಂಡನ ಹೆಂಡತಿಯನ್ನೋ ಮಾತಿನಲ್ಲಿ ಮರುಳು ಮಾಡುವವನಿಗೆ ಆ ಮಾತು ಗುಟ್ಟಾಗಿಯೇ ಇರಬೇಕು. ಮಗಳು ತಂದೆಗೆ, ಹೆಂಡತಿ ಗಂಡನಿಗೆ ಹೇಳಿಬಿಟ್ಟರೆ ಅವನ ಆಟ ಮುಗಿಯಿತು. ಇಗ್ನೇಷಿಯಸ್ ಬರೆದಿದ್ದು ಹೋಲಿಕೆಗೆ. ನಿಮ್ಮ ಮನೆಯಲ್ಲಿ ಅದು ಅಕ್ಷರಶಃ ನಡೆಯುತ್ತಿದೆ, ಅಲ್ವಾ?

ಈಗ ನೀವು ಗುರುತು ಅಂದುಕೊಂಡ ವಿಷಯಗಳಿಗೆ ಬರುತ್ತೇನೆ.

ಆ ವಚನ ಯೆಶಾಯ 43ರದ್ದು. ಬಾಬೆಲಿನಲ್ಲಿ ಸೆರೆಯಾಗಿದ್ದ ಜನರಿಗೆ, ಅಡವಿಯಲ್ಲಿ ದಾರಿ ಮಾಡಿ ನಿಮ್ಮನ್ನು ಮನೆಗೆ ಕರೆದುಕೊಂಡು ಬರುತ್ತೇನೆ ಅಂತ ದೇವರು ಕೊಟ್ಟ ಮಾತು ಅದು. ಮನೆಗೆ ಕರೆತರುವ ಮಾತನ್ನು ಮನೆ ಬಿಟ್ಟು ಹೊರಡುವುದಕ್ಕೆ ಟಿಕೆಟ್ ಮಾಡಿಕೊಳ್ಳಬಾರದು. ವಚನ ಬಂದ ಮಾತ್ರಕ್ಕೆ ಅದು ದೇವರ ಬಾಯಿಂದಲೇ ಬಂತು ಅಂತಲೂ ಅಲ್ಲ. ಮತ್ತಾಯ 4ರಲ್ಲಿ ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ ಸೈತಾನ ಬಾಯಿಪಾಠ ಹೇಳಿದ್ದೂ ವಚನವನ್ನೇ, ಕೀರ್ತನೆ 91ರ 11 ಮತ್ತು 12. ಅದರಲ್ಲೂ ‘ನಿನ್ನ ಎಲ್ಲ ಮಾರ್ಗಗಳಲ್ಲಿ’ ಅನ್ನುವ ಮಾತನ್ನು ಮೆಲ್ಲಗೆ ಬಿಟ್ಟ. 13ನೇ ವಚನಕ್ಕಂತೂ ಹೋಗಲೇ ಇಲ್ಲ, ಅಲ್ಲಿ ಸರ್ಪವನ್ನು ತುಳಿಯುವ ಮಾತಿದೆ. ಯೇಸು ಏನು ಮಾಡಿದನು? ‘ಹೀಗೂ ಬರೆದದೆ’ ಅಂದನು. ಒಂದು ವಚನವನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದನು. ನೀವು ಯೆಶಾಯನ ವಚನದ ಪಕ್ಕ ‘ವ್ಯಭಿಚಾರ ಮಾಡಬಾರದು’ ಅನ್ನುವ ಏಳನೆಯ ಆಜ್ಞೆಯನ್ನು ಇಟ್ಟು ನೋಡಿದ್ದೀರಾ?

ಪ್ರವಾದನೆಯ ವಿಷಯವೂ ಅಷ್ಟೇ. 1 ಅರಸುಗಳು 13ನ್ನು ಇವತ್ತು ರಾತ್ರಿ ಓದಿ. ಬೇತೇಲಿನಲ್ಲಿ ಊಟ ಮಾಡಬೇಡ, ನೀರು ಕುಡಿಯಬೇಡ ಅಂತ ದೇವರು ಒಬ್ಬ ದೇವರ ಮನುಷ್ಯನಿಗೆ ಸ್ಪಷ್ಟವಾಗಿ ಹೇಳಿದ್ದನು. ಅವನು ಅರಸನ ಊಟವನ್ನೂ ಬೇಡ ಅಂದ. ಆಮೇಲೆ ಒಬ್ಬ ಮುದಿ ಪ್ರವಾದಿ ಬಂದು, ‘ನಾನೂ ನಿನ್ನ ಹಾಗೆ ಪ್ರವಾದಿ, ದೇವದೂತ ನನಗೆ ಹೇಳಿದ್ದಾನೆ, ಮನೆಗೆ ಬಾ’ ಅಂದ. ಸುಳ್ಳು ಹೇಳಿದ್ದ. ಇವನು ನಂಬಿ ಹೋದ, ಊಟಕ್ಕೆ ಕೂತ. ಹಿಂದಿರುಗುವ ದಾರಿಯಲ್ಲಿ ಸಿಂಹದ ಬಾಯಿಗೆ ಬಿದ್ದ. ಅರಸ ಕರೆದಾಗ ಗಟ್ಟಿಯಾಗಿ ನಿಂತವನು ಪ್ರವಾದಿ ಕರೆದಾಗ ಬಿದ್ದ. ದೇವರು ಒಮ್ಮೆ ಹೇಳಿದ್ದನ್ನು ತಲೆ ಮೇಲೆ ಕೈಯಿಟ್ಟು ಯಾರೂ ಅಳಿಸಲಾರರು.

ಇನ್ನು ಸಮಾಧಾನ. ಇಲ್ಲಿ ತುಂಬಾ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ. ಹಿಂದೊಮ್ಮೆ ಸಭೆಯಲ್ಲಿ ಒಬ್ಬರ ಜೊತೆ ಜಗಳವಾಗಿ ‘ದೇವರೇ ಇಲ್ಲಿಂದ ಹೊರಡು ಅಂತಿದ್ದಾನೆ’ ಅಂದುಕೊಂಡು ಹೊರಟುಬಿಟ್ಟಿದ್ದೆ. ಮನಸ್ಸು ಹಗುರವಾಗಿತ್ತು, ಚೆನ್ನಾಗಿ ನಿದ್ದೆ ಬರುತ್ತಿತ್ತು. ಒಬ್ಬ ಅಜ್ಜಿ ನನ್ನ ಕೈ ಹಿಡಿದು ‘ಯೋನನೂ ಚೆನ್ನಾಗೇ ನಿದ್ದೆ ಮಾಡಿದ್ದ ಕಣಮ್ಮ’ ಅಂದರು. ಅಷ್ಟೇ ಹೇಳಿದ್ದು. ಮನೆಗೆ ಬಂದು ಯೋನನ ಮೊದಲನೆ ಅಧ್ಯಾಯ ಓದಿದೆ. ದೇವರು ನಿನೆವೆಗೆ ಹೋಗು ಅಂದಾಗ ಅವನು ಯೊಪ್ಪಕ್ಕೆ ಇಳಿದ. ತಾರ್ಷೀಷಿಗೆ ಹೊರಟ ಹಡಗು ಸಿದ್ಧವಾಗಿತ್ತು. ಕೈಯಲ್ಲಿ ದುಡ್ಡೂ ಇತ್ತು. ಬಾಗಿಲು ತೆರೆದೇ ಇತ್ತು! ಬಿರುಗಾಳಿಗೆ ಹಡಗು ಒಡೆಯುವಂತಿದ್ದಾಗಲೂ ಅವನು ಅಡಿಭಾಗದಲ್ಲಿ ಗಾಢ ನಿದ್ದೆಯಲ್ಲಿದ್ದ. ಬೇಕು ಅಂದಿದ್ದು ಸಿಕ್ಕಾಗಲೂ ಮನಸ್ಸಿಗೆ ಸಮಾಧಾನ ಆಗುತ್ತದೆ ತಂಗಿ. ಅದು ದೇವರ ಒಪ್ಪಿಗೆ ಅಲ್ಲ.

ಆದರೆ ನಿಮ್ಮ ಹಸಿವು ಸುಳ್ಳಲ್ಲ. ‘ನನ್ನ ಮನಸ್ಸಲ್ಲಿ ಏನಿದೆ ಅಂತ ಯಾವತ್ತೂ ಕೇಳುವುದಿಲ್ಲ’ ಅಂತ ಬರೆದಿರಲ್ಲ, ಅದನ್ನು ಓದಿ ನನಗೂ ಸಂಕಟವಾಯಿತು. ನಲವತ್ತು ದಿನ ಉಪವಾಸವಿದ್ದ ಯೇಸುವಿಗೆ ಹಸಿವಾಗಿತ್ತು, ಸೈತಾನ ಬಂದಿದ್ದು ಆಗಲೇ. ಹಸಿವಾಗಿದ್ದು ಪಾಪ ಅಲ್ಲ. ಶೋಧನೆ ಬಂದಿದ್ದೂ ಪಾಪ ಅಲ್ಲ. ಯಾಕೋಬನು ತನ್ನ ಪತ್ರದಲ್ಲಿ ಹೇಳುವ ಹಾಗೆ ನಮ್ಮೊಳಗಿನ ಆಸೆಯೇ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಎಳೆದ ಕಡೆ ಹೋದಾಗಲೇ ಅದು ಪಾಪವನ್ನು ಹೆರುತ್ತದೆ. ಯಾರಾದರೂ ನನ್ನನ್ನು ಕೇಳಲಿ ಅನ್ನುವ ನಿಮ್ಮ ಆಸೆ ನ್ಯಾಯವಾದದ್ದು. ಅದನ್ನು ಕೇಳಬೇಕಾದ ಮನುಷ್ಯ ಪಕ್ಕದ ರೂಮಿನಲ್ಲಿದ್ದಾರೆ. ಒಂದು ವರ್ಷದಿಂದ ನಿಮ್ಮ ಮನಸ್ಸಿನ ಮಾತೆಲ್ಲ ಬೆಳಗ್ಗೆ ಐದಕ್ಕೇ ಖಾಲಿಯಾಗುತ್ತಿದೆ. ಅವರಿಗೆ ಉಳಿಯುವುದೇನು?

ಉಪವಾಸ ಕೂಟಕ್ಕೆ ಎರಡು ದಿನ ಮೊದಲು ಹೋಗಬೇಡಿ. ಈ ಸಲ ಕೂಟಕ್ಕೇ ಹೋಗಬೇಡಿ. ಬ್ರದರ್‌ಗೆ ಎರಡೇ ಸಾಲು ಬರೆಯಿರಿ: ‘ಇನ್ನು ಫೋನಿನಲ್ಲಿ ಪ್ರಾರ್ಥನೆ ಬೇಡ. ದಯವಿಟ್ಟು ನನಗೆ ಕರೆ ಮಾಡಬೇಡಿ.’ ಕಾರಣ ಕೊಡಲು ಹೋದರೆ ಮಾತು ಬೆಳೆಯುತ್ತದೆ. ಕೊನೆಯ ಸಲ ಒಟ್ಟಿಗೆ ಪ್ರಾರ್ಥಿಸೋಣ ಅಂದರೂ ಒಪ್ಪಬೇಡಿ. ತನ್ನನ್ನು ದಿನಾ ಪಾಪಕ್ಕೆ ಕರೆಯುತ್ತಿದ್ದ ಪೋಟೀಫರನ ಹೆಂಡತಿಗೆ ಯೋಸೇಫನು ಬುದ್ಧಿ ಹೇಳಿ ನೋಡಿದ. ಕೊನೆಗೆ ಉಳಿಸಿದ್ದು ಮಾತಲ್ಲ, ಕಾಲು. ಮೇಲಂಗಿ ಬಿಟ್ಟು ಓಡಿಹೋದ. ತಪ್ಪಿಸಿಕೊಳ್ಳುವ ಮಾರ್ಗವನ್ನೂ ದೇವರು ಕೊಡುತ್ತಾನೆ ಅಂತ 1 ಕೊರಿಂಥ 10ರಲ್ಲಿದೆ. ಸದ್ಯಕ್ಕೆ ನಿಮ್ಮ ಮಾರ್ಗ ಆ ನಂಬರನ್ನು ಬ್ಲಾಕ್ ಮಾಡುವ ಗುಂಡಿ.

ಆಮೇಲೆ ಹೇಳಿಕೊಳ್ಳಿ. ನಿಮ್ಮ ಸಭೆಯಲ್ಲಿ ವಯಸ್ಸಾದ, ಬಾಯಿ ಬಿಗಿಯಿರುವ ಒಬ್ಬ ತಾಯಿಯ ಹತ್ತಿರ ಮೊದಲು ಹೇಳಿ. ಆ ಗುಂಪಿನವರು ಬೇಡ. ಆ ತಾಯಿಯ ಜೊತೆ ಪ್ರಾರ್ಥಿಸಿ, ನಂತರ ಗಂಡನಿಗೆ ಹೇಳಿ. ಅವರು ಒಳ್ಳೆಯವರು ಅಂತ ನೀವೇ ಬರೆದಿದ್ದೀರಿ, ಅದಕ್ಕೇ ಈ ಮಾತು. ಕೈ ಎತ್ತುವ ಮನುಷ್ಯನಾಗಿದ್ದರೆ ಬೇರೆ ದಾರಿ ಹೇಳುತ್ತಿದ್ದೆ. ಮಕ್ಕಳು ಮಲಗಿದ ಮೇಲೆ ಕೂತು, ಅವರು ಮಾಡಿದ ತಪ್ಪಿನಿಂದ ಶುರು ಮಾಡದೆ, ಮೊಬೈಲ್ ಮಗುಚಿಟ್ಟ ಆ ಕ್ಷಣದಿಂದ ಶುರು ಮಾಡಿ. ಅವರಿಗೆ ನೋವಾಗುತ್ತದೆ, ಸಿಟ್ಟೂ ಬರಬಹುದು. ಕೆಲವು ದಿನ ಮನೆಯಲ್ಲಿ ಮೌನ ಇರಬಹುದು. ತಡೆದುಕೊಳ್ಳಿ. ಒಂಟಿಯಾಗಿದ್ದೆ ಅನ್ನುವುದನ್ನೂ ಅವತ್ತೇ ಹೇಳಿ.

ಒಂದು ಎಚ್ಚರಿಕೆ. ಇಲ್ಲಿಯವರೆಗೆ ‘ಇದರಲ್ಲಿ ತಪ್ಪೇನಿದೆ’ ಅಂದ ಅದೇ ದನಿ, ನೀವು ಹಿಂದೆ ಸರಿದ ಕೂಡಲೇ ‘ಇಷ್ಟೆಲ್ಲಾ ಮಾಡಿ ಈಗ ಯಾವ ಮುಖ ಇಟ್ಟುಕೊಂಡು ಪ್ರಾರ್ಥಿಸುತ್ತೀಯಾ’ ಅನ್ನುತ್ತದೆ. ಪ್ರಕಟನೆ 12ರಲ್ಲಿ ಸೈತಾನನಿಗೆ ದೂರು ಹೇಳುವವನು ಅಂತಲೂ ಹೆಸರಿದೆ. ಆ ದನಿಗೆ ಉತ್ತರ ಕೊಡಬೇಡಿ.

ಬೆಳಗ್ಗೆ ಐದಕ್ಕೆ ಅಭ್ಯಾಸಬಲದಿಂದ ಎಚ್ಚರವಾಗುತ್ತದೆ. ಮೊದಲ ಕೆಲವು ದಿನ ಆ ಒಂದು ಗಂಟೆ ತುಂಬಾ ಖಾಲಿ ಅನಿಸುತ್ತದೆ, ಕೈ ಮೊಬೈಲಿಗೆ ಹೋಗುತ್ತದೆ. ಅದನ್ನು ರಾತ್ರಿಯೇ ಬೇರೆ ರೂಮಿನಲ್ಲಿಡಿ. ಎದ್ದು ಕೀರ್ತನೆ 91ನ್ನು ಜೋರಾಗಿ, ಪೂರ್ತಿ ಓದಿ, ಸೈತಾನ ಬಿಟ್ಟ 13ನೇ ವಚನವನ್ನೂ ಸೇರಿಸಿ. ಗಂಡನಿಗೆ ಕೇಳಿಸಿದರೆ ಕೇಳಿಸಲಿ.