ಮನೆ ತಗೊಳ್ಳಿ ಅಂತ ಹಿಂದೆ ಬಿದ್ದವರು

‘ಮನೆ ತಗೊಳ್ಳಿ, ಈಗಲೇ ತಗೊಳ್ಳಿ’ ಅಂತ ಪರಿಚಯದವರೊಬ್ಬರು ಹಿಂದೆ ಬಿದ್ದಿದ್ದಾರೆ, ಆಫೀಸಿನಾಕೆಗೆ ಹೇಳಿದರೆ ‘ಹಿ ಹ್ಯಾಸ್ ಆ್ಯನ್ ಆ್ಯಕ್ಸ್ ಟು ಗ್ರೈಂಡ್’ ಅಂದರು, ಏನರ್ಥ ಅಂತ ಕೇಳಿದ್ದೀರಿ. ಗಾಬರಿ ಬೇಡ. ಪದಕ್ಕೆ ಪದ ಹೇಳಿದರೆ ‘ಅವರ ಹತ್ತಿರ ಸಾಣೆ ಹಿಡಿಯಬೇಕಾದ ಕೊಡಲಿ ಇದೆ’ ಅಂತ. ನಿಮಗೆ ಬುದ್ಧಿ ಹೇಳುವ ನೆಪದಲ್ಲಿ ಅವರು ತಮ್ಮ ಬೇಳೆ ಬೇಯಿಸಿಕೊಳ್ಳುತ್ತಿದ್ದಾರೆ ಅಂತ ಅಷ್ಟೇ.

ಈ ಮಾತಿನ ಹಿಂದೆ ಇಲ್ಲಿನದೇ, ಅಂದರೆ ಅಮೆರಿಕದ್ದೇ ಒಂದು ಕಥೆ ಇದೆ. 1810ರಲ್ಲಿ ಪೆನ್ಸಿಲ್ವೇನಿಯಾದ ಚಾರ್ಲ್ಸ್ ಮೈನರ್ ಎಂಬ ಪತ್ರಕರ್ತ ಬರೆದದ್ದು. (ಸುಮ್ನೆ ಬೆಂಜಮಿನ್ ಫ್ರಾಂಕ್ಲಿನ್ ಹೆಸರಿಗೆ ಹಚ್ಚುವವರೇ ಜಾಸ್ತಿ.) ಕೊಡಲಿ ಹಿಡಿದು ಬಂದವನೊಬ್ಬ ಹುಡುಗನನ್ನು ಜಾಣ, ಮರಿ ಅಂತ ಹೊಗಳಿ ಹೊಗಳಿ ಸಾಣೆಕಲ್ಲು ತಿರುಗಿಸಲು ಹಚ್ಚುತ್ತಾನೆ. ಹುಡುಗನ ಕೈಯೆಲ್ಲ ಬೊಬ್ಬೆ. ಸ್ಕೂಲಿನ ಗಂಟೆಯೂ ಹೊಡೆಯುತ್ತದೆ. ಕೊಡಲಿ ಹರಿತವಾದದ್ದೇ ತಡ, ‘ಸ್ಕೂಲಿಗೆ ಚಕ್ಕರ್ ಹೊಡೀತೀಯೇನೋ ಪೋಕರಿ, ಓಡು’ ಅಂತ ಗದರಿಸಿ ಕಳಿಸುತ್ತಾನೆ!

ಆ ಹೊಗಳಿಕೆ ಇಲ್ಲಿ ನಿಮಗೆ ಕನ್ನಡದಲ್ಲೂ ಸಿಗುತ್ತದೆ. ಇಂಡಿಯನ್ ಅಂಗಡಿಯಲ್ಲಿ ಮೆಂತ್ಯ ಸೊಪ್ಪು ಆರಿಸುತ್ತಿರುತ್ತೀರಿ. ‘ಓ, ಕನ್ನಡದವ್ರಾ? ಯಾವೂರು?’ ಎದೆ ತುಂಬಿ ಬರುತ್ತದೆ, ನಂಬರ್ ಕೊಡುತ್ತೀರಿ. ಆಮೇಲೆ ಫೋನು: ‘ನಿಮ್ಮಂಥ ಶಾರ್ಪ್ ಜನಕ್ಕೆ ಒಳ್ಳೇ ಅವಕಾಶ ಇದೆ, ಕಾಫಿಗೆ ಸಿಗೋಣ.’ ಏನು ಬಿಸಿನೆಸ್ ಅಂದರೆ ‘ಫೋನಲ್ಲಿ ಹೇಳೋಕಾಗಲ್ಲ.’ ಅದು ಚೈನ್ ಮಾರ್ಕೆಟಿಂಗ್. ನಿಮ್ಮನ್ನು ಸೇರಿಸಿದರೆ ಅವರಿಗೆ ಲಾಭ. ನೀವು ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದೀರಿ, ಸ್ಪಾನ್ಸರ್ ಮಾಡಿದ ಕಂಪನಿ ಬಿಟ್ಟು ಸೈಡಲ್ಲಿ ಹೀಗೆ ದುಡಿಯಲು ಹೋದರೆ ವೀಸಾಕ್ಕೇ ಕುತ್ತು. ಅದನ್ನು ಮಾತ್ರ ಅವರು ಬಾಯಿ ಬಿಡುವುದಿಲ್ಲ. ಹಾಗಂತ ಮಾತಾಡಿಸಿದವರನ್ನೆಲ್ಲ ಅನುಮಾನಿಸಬೇಡಿ. ನನಗೆ ಇಲ್ಲಿ ಒಳ್ಳೆಯ ಸ್ನೇಹಿತರು ಸಿಕ್ಕಿದ್ದೂ ಅದೇ ಸೊಪ್ಪಿನ ಸಾಲಿನಲ್ಲಿ.

ಇನ್ನು ನಿಮ್ಮ ಪರಿಚಯದವರು. ವೀಕೆಂಡಿನಲ್ಲಿ ರಿಯಲ್ ಎಸ್ಟೇಟ್ ಏಜೆಂಟ್ ಕೆಲಸ ಮಾಡುತ್ತಾರೆ ಅಂತ ನೀವೇ ಬರೆದಿದ್ದೀರಲ್ಲ. ಅದು ತಪ್ಪೇನಲ್ಲ. ಆದರೆ ನೀವು ಮನೆ ತಗೊಂಡರೆ ತಾನೇ ಅವರಿಗೆ ಕಮಿಷನ್? ‘ಇದರಲ್ಲಿ ನಿಮಗೆಷ್ಟು ಬರುತ್ತೆ?’ ಅಂತ ನೇರವಾಗಿ ಕೇಳಿ. ನಮ್ಮ ಕಡೆ ಹೀಗೆ ಕೇಳಲು ಸಂಕೋಚ, ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. 2024ರ ಆಗಸ್ಟ್‌ನಿಂದ ಬಹುತೇಕ ಏಜೆಂಟರು ಮನೆ ತೋರಿಸುವ ಮೊದಲೇ ತಮ್ಮ ಫೀಸು ಎಷ್ಟೆಂದು ಬರೆದು ನಿಮ್ಮ ಸಹಿ ಹಾಕಿಸಿಕೊಳ್ಳಬೇಕು. ಅದನ್ನು ಪೂರ್ತಿ ಓದಿ. ಫೀಸಿನಲ್ಲಿ ಚೌಕಾಸಿಯೂ ಮಾಡಬಹುದು.

ನನ್ನನ್ನು ಕೇಳಿದರೆ ಒಂದು ವರ್ಷ ಬಾಡಿಗೆಯಲ್ಲೇ ಇರಿ. ಸ್ಕೂಲು, ಆಫೀಸಿನ ದಾರಿ, ಚಳಿಗಾಲದ ಹಿಮ ಎಲ್ಲ ನೋಡಿಕೊಂಡು ಆಮೇಲೆ ಮನೆ ಹುಡುಕಿ.